ರಿಕವರಿ ಗಾಡಿಯ ರೇಷ್ಮೆ ಹಗ್ಗ

ನನ್ನ ಗಂಡ ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದವರು. ಹೂತುಹೋದ ಟ್ಯಾಂಕುಗಳನ್ನು ಕೆಸರಿನಿಂದ ಎಳೆದು ತರುವ ರಿಕವರಿ ಗಾಡಿ ಅವರ ಪಾಲಿಗೆ ಬಂದಿತ್ತು. ನಿವೃತ್ತರಾಗಿ ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿದ ಮೇಲೂ ಆ ಗಾಡಿ ಅವರ ಬಾಯಿಂದ ಇಳಿಯಲಿಲ್ಲ. "ಗುಂಡು ಹಾರಿಸೋ ಟ್ಯಾಂಕು ಎಲ್ರಿಗೂ ಬೇಕು. ಅದನ್ನ ಎಳ್ಕೊಂಡು ಬರೋ ಗಾಡೀನ ಯಾರೂ ಕೇಳಲ್ಲ" ಎನ್ನುತ್ತಿದ್ದರು. ಹೊರದೇಶದಲ್ಲಿ ಯಾರೋ ಒಬ್ಬರು ಅದರ ಪುಟ್ಟ ಮಾದರಿಯನ್ನು ಪ್ಲಾಸ್ಟಿಕ್ಕಿನಂಥ ರೆಸಿನ್‌ನಲ್ಲಿ ಅಚ್ಚು ಹಾಕಿ ಮಾರುತ್ತಾರೆಂದು ಫೋನಿನಲ್ಲಿ ಕಂಡ ದಿನ ಊಟಕ್ಕೆ ಕರೆದರೂ ಏಳಲಿಲ್ಲ. ತರಿಸಿದ್ದೂ ಆಯಿತು.

ಪೆಟ್ಟಿಗೆ ಬಿಚ್ಚಿದಾಗ ನನಗೆ ನಗು ತಡೆಯಲಾಗಲಿಲ್ಲ. ಬೂದುಬಣ್ಣದ ತುಂಡುಗಳು, ಅರ್ಧಕ್ಕರ್ಧ ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಸೊಟ್ಟ. ಜೋಡಿಸುವುದು ಹೇಗೆಂದು ತೋರಿಸಲು ಒಂದೇ ಹಾಳೆ, ಅದರಲ್ಲೊಂದು ಮಸುಕು ಫೋಟೋ. ಪ್ರತಿ ತುಂಡಿನ ಬುಡಕ್ಕೂ ಅಚ್ಚು ಹೊಯ್ದಾಗ ಉಳಿದ ರೆಸಿನ್‌ನ ದಪ್ಪ ಗಟ್ಟಿ ಅಂಟಿಕೊಂಡಿತ್ತು. ಅದನ್ನು ಸಣ್ಣ ಗರಗಸದಲ್ಲಿ ಕೊಯ್ದು, ಪುಡಿ ಮೂಗಿಗೆ ಹೋಗದಂತೆ ನೀರು ಹಚ್ಚಿ ಉಜ್ಜಬೇಕು. ಸ್ವಲ್ಪ ಒತ್ತಿದರೆ ಪಟ್ಟನೆ ಮುರಿಯುತ್ತದೆ.

"ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಹೇಳಿಲ್ಲ" ಎಂದೆ.

"ಆಟದ ಸಾಮಾನಲ್ಲ ಕಣೇ ಇದು. ನನ್ನ ಸರ್ವೀಸು."

ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಮನೆಯಲ್ಲಿ ಬೆಳೆದವಳು. ಸೊಟ್ಟ ತುಂಡುಗಳನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ನೆಟ್ಟಗೆ ಮಾಡಬೇಕೆಂದು ಗೊತ್ತಾದ ಮೇಲೆ ಆ ಕೆಲಸ ನನಗೇ ಬಂತು. ಗೂಡು ಬೇಯುವ ನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕಿದ ಕೈಗೆ ಅದೇನು ಮಹಾ ಬಿಸಿ. ನಾನು ಚಕ್ರದ ಮೇಲಿನ ಪಟ್ಟಿಯನ್ನು ಬಗ್ಗಿಸುತ್ತಿದ್ದರೆ ಅವರು ಪಕ್ಕದಲ್ಲಿ ಕುತ್ತಿಗೆ ಚಾಚಿ, "ಮೆಲ್ಲಗಾ, ಮೆಲ್ಲಗಾ" ಎಂದು ತಮ್ಮ ಚಿಂತಾಮಣಿ ಕಡೆಯ ತೆಲುಗಿಗೆ ಇಳಿಯುತ್ತಿದ್ದರು.

ಗಾಡಿ ಒಂದು ಆಕಾರಕ್ಕೆ ಬಂದಾಗ ಒಂದು ಕೊರತೆ ಕಂಡಿತು. ಟ್ಯಾಂಕು ಎಳೆಯುವ ಉಕ್ಕಿನ ಹಗ್ಗ ಪೆಟ್ಟಿಗೆಯಲ್ಲಿರಲಿಲ್ಲ. "ರೋಪಿಲ್ದಿರೋ ರಿಕವರಿ ಗಾಡಿ ಕೈಯಿಲ್ದಿರೋ ಮನುಷ್ಯ ಇದ್ದಂಗೆ. ಅದು ಸರಿಯಾಗಿ ಕೂತ್ರೇನೆ ಮುಗೀತು ಅನ್ನೋದು" ಎಂದರು. ತಾಮ್ರದ ತಂತಿ ತಂದು ನೋಡಿದರು, ಅದು ಬಳುಕಲಿಲ್ಲ. ರೇಷ್ಮೆಯಲ್ಲಿ ನಾನು ಹೊಸೆದು ಕೊಡುತ್ತೇನೆ ಎಂದೆ.

ಆ ವಾರವೇ ಒಂದು ಬೆಳಿಗ್ಗೆ ಕಾಫಿ ಲೋಟ ಅವರ ಕೈಯಿಂದ ಜಾರಿತು. ಬಲಗೈ ಹೋಯಿತು, ಮಾತೂ ಹೋಯಿತು. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅವತ್ತಿನಿಂದ ನನಗೆ ಒಂದೇ ಹಟ. ಅವರ ಕಣ್ಣೆದುರು ಈ ಗಾಡಿ ಮುಗಿಯಬೇಕು.

ನಮ್ಮಿಬ್ಬರ ನಡುವೆ ಹೊಸ ಭಾಷೆ ಹುಟ್ಟಿತು. ಮೇಜಿನ ಮೇಲೆ ಎಡಗೈಯಿಂದ ಒಂದು ಸಲ ತಟ್ಟಿದರೆ ಸರಿ, ಎರಡು ಸಲ ತಟ್ಟಿದರೆ ತಪ್ಪು. ನಾನು ತುಂಡು ಹಿಡಿದು ತೋರಿಸುವುದು, ಅವರು ತಟ್ಟುವುದು. ಹೀಗೇ ಬಾಗಿಲುಗಳು, ಕೊಕ್ಕೆಗಳು, ದೀಪಗಳೆಲ್ಲ ಕೂತವು. ಉಳಿದದ್ದು ಹಗ್ಗ.

ಶಿಡ್ಲಘಟ್ಟದಿಂದ ತಂದ ರೇಷ್ಮೆಯನ್ನು ಅಮ್ಮ ಕಲಿಸಿದ್ದ ಹಾಗೆ ತೊಡೆಯ ಮೇಲೆ ಹೊಸೆದೆ. ನಮ್ಮ ಮನೆಯಲ್ಲಿ ಹುರಿ ಹೋಗುವುದು ಒಂದೇ ದಿಕ್ಕಿಗೆ. ಇನ್ನೊಂದು ದಿಕ್ಕಿದೆ ಎಂಬುದೇ ನನ್ನ ಕೈಗೆ ಗೊತ್ತಿಲ್ಲ. ಗಂಜಿ ಹಚ್ಚಿ, ಒಣಗಿಸಿ ತೋರಿಸಿದೆ. ಅವರು ಎರಡು ಸಲ ತಟ್ಟಿದರು. ದಪ್ಪವಾಯಿತೇನೋ ಎಂದು ತೆಳ್ಳಗೆ ಹೊಸೆದೆ. ಮತ್ತೆ ಎರಡು. ಉದ್ದ ಹೆಚ್ಚಿಸಿದೆ, ಬಣ್ಣ ಬಳಿದೆ. ಎರಡು, ಎರಡು. ಕೊನೆಗೆ ಹಗ್ಗವನ್ನೇ ಕಿತ್ತುಕೊಂಡು ಎಡಗೈಯಿಂದ ಬಿಚ್ಚತೊಡಗಿದರು. ನಾನು ಹೊಸೆಯುವುದು, ಅವರು ಬಿಚ್ಚುವುದು. "ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಹೀಗಾದ್ರೆ ಯಾವಾಗ ಮುಗ್ಸೋದು ನಾವು" ಎಂದು ರೇಗಿಸಿದರೆ ಅರ್ಧ ಮುಖದಲ್ಲಿ ನಕ್ಕರು. ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡರು. ಕಾಯಿಲೆಯವರು ಹಾಗೇ, ಬೇಗ ಅಳುತ್ತಾರೆ ಅಂದುಕೊಂಡೆ.

ಒಂದು ಮಧ್ಯಾಹ್ನ ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಹಗ್ಗದ ತುದಿಯನ್ನು ಗಾಡಿಯ ಚಕ್ರದಡಿ ಸಿಕ್ಕಿಸಿ ಏನೋ ಮಾಡಿದ್ದರು. ಎಳೆಗಳೆಲ್ಲ ಕೆದರಿ, ಬೆರಳಿಗೂ ತುದಿಗೂ ಅಂಟು ಮೆತ್ತಿಕೊಂಡಿತ್ತು. ಬೆರಳು ಒರೆಸಿ, ಆ ಹಾಳಾದ ಹಗ್ಗವನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟೆ. ನಾಳೆ ಹೊಸದು ಮಾಡೋಣ ಎಂದೆ. ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ.

ಆಮೇಲೆ ಆ ಗಾಡಿಯ ಮೇಲೆ ಬಟ್ಟೆ ಹೊದಿಸಿಟ್ಟೆ. ಅವರು ಕೇಳಿದ್ದು ಒಂದು ಹಗ್ಗ, ಅದನ್ನೂ ಕೊಡಲಾಗಲಿಲ್ಲವಲ್ಲ ಎಂಬುದೊಂದೇ ನನ್ನನ್ನು ತಿನ್ನುತ್ತಿತ್ತು.

ಹೋದ ತಿಂಗಳು ತವರಿನಿಂದ ಬರುತ್ತಿದ್ದಾಗ ದಾರಿಯಲ್ಲಿ ಬಸ್ಸು ನಿಂತಿತು. ಟೊಮೆಟೊ ಲಾರಿಯೊಂದು ಚರಂಡಿಗೆ ಉರುಳಿತ್ತು. ರಸ್ತೆಯ ತುಂಬಾ ಕೆಂಪು ರಸ. ಎಲ್ಲರ ಜೊತೆ ನಾನೂ ಇಳಿದೆ. ಕ್ರೇನು ಲಾರಿಯನ್ನು ಎಳೆಯುತ್ತಿತ್ತು, ಉಕ್ಕಿನ ಹಗ್ಗ ನನ್ನ ಕಣ್ಣೆದುರೇ ಬಿಗಿಯಾಗಿ ನಿಂತಿತ್ತು. ಅದರ ಎಳೆಗಳು ಬಲಕ್ಕೆ ವಾಲಿಕೊಂಡು ಮೇಲಕ್ಕೆ ಹೋಗುತ್ತಿದ್ದವು. ನನ್ನ ಹುರಿ ಎಡಕ್ಕೆ ವಾಲುತ್ತದೆ.

ಅಷ್ಟೇ. ಅಷ್ಟನ್ನೇ ಅವರು ಹೇಳಲು ಒದ್ದಾಡಿದ್ದು. ಜನರ ನಡುವೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಪಕ್ಕದಲ್ಲಿದ್ದವರೊಬ್ಬರು, "ಡ್ರೈವರ್‌ಗೇನೂ ಆಗಿಲ್ಲ ಬಿಡಮ್ಮ" ಎಂದು ಸಮಾಧಾನ ಹೇಳಿದರು.

ಮನೆಗೆ ಬಂದು ಬೆಂಕಿಪೊಟ್ಟಣ ತೆರೆದೆ. ಕೆದರಿದ ಎಳೆಗಳ ತುದಿಯಲ್ಲಿ, ಅಂಟಿನೊಳಗೆ, ಉಗುರಿನಷ್ಟು ಉದ್ದ ಹಗ್ಗ ಗಟ್ಟಿಯಾಗಿ ಕೂತಿತ್ತು. ಬಲಕ್ಕೆ ಹೊಸೆದದ್ದು. ಒಂದೇ ಕೈಯಲ್ಲಿ, ಅದೂ ಎಡಗೈಯಲ್ಲಿ ಹೊಸೆದು, ಬಿಚ್ಚಿಕೊಳ್ಳದಿರಲಿ ಎಂದು ಅಂಟು ಹಾಕಿದ್ದರು. ನಾನದನ್ನು ಹಾಳಾಯಿತು ಎಂದಿದ್ದೆ.

ರೇಷ್ಮೆ ಬಿಚ್ಚುವವರು ಒಂದು ಗೂಡು ಮುಗಿದರೆ ಹೊಸ ಎಳೆಗೆ ಗಂಟು ಹಾಕುವುದಿಲ್ಲ. ಓಡುತ್ತಿರುವ ನೂಲಿಗೆ ತಾಗಿಸುತ್ತಾರೆ, ಅದೇ ಸುತ್ತಿಕೊಂಡು ಹೋಗುತ್ತದೆ. ಹಾಗೆಯೇ ಅವರ ತುದಿಗೆ ನನ್ನ ಎಳೆ ತಾಗಿಸಿ ಬಲಕ್ಕೆ ಹೊಸೆಯುತ್ತಾ ಹೋದೆ. ಕೈ ಮತ್ತೆ ಮತ್ತೆ ಎಡಕ್ಕೇ ಓಡುತ್ತಿತ್ತು. ಗಂಜಿ ಹಚ್ಚಿ, ಒಣಗಿಸಿ, ಬಣ್ಣ ಬಳಿದು ಗಾಡಿಗೆ ಸಿಕ್ಕಿಸಿದೆ. ಅವರು ಕೂರುತ್ತಿದ್ದ ಕುರ್ಚಿಯ ಕಡೆಗೆ ತಿರುಗಿಸಿಟ್ಟು, "ಈಗ ಸರೀನಾ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಕಾದೆ. ಆಮೇಲೆ ಮೇಜಿನ ಮೇಲೆ ಎಡಗೈಯಿಂದ ನಾನೇ ಒಂದು ಸಲ ತಟ್ಟಿದೆ.