ನಮ್ಮ ಕಟ್ಟಡದ ಕಾರ್ಯದರ್ಶಿ ಪದ್ಮಾವತಮ್ಮ

ಜಗಳ ಜೋರಾದಷ್ಟೂ ಪದ್ಮಾವತಮ್ಮನವರ ಮುಖ ಶಾಂತವಾಗುತ್ತಿತ್ತು. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ತೊಡೆಯ ಮೇಲೆ ನೋಟ್‌ಬುಕ್ ಬಿಡಿಸಿ, ಪೆನ್ಸಿಲಿನ ಮೊನೆ ನೋಡಿಕೊಂಡು, "ಹ್ಞೂಂ, ಈಗ ಬೈಯಿರಿ. ಸ್ವಲ್ಪ ನಿಧಾನವಾಗಿ. ಕೂಗಿದ್ರೆ ನಂಗೆ ಬರ್ಕೊಳ್ಳಕ್ಕಾಗಲ್ಲ" ಎನ್ನುತ್ತಿದ್ದರು.

ಮೂವತ್ತು ವರ್ಷಕ್ಕೂ ಮೇಲೆ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವರು. ನಿವೃತ್ತರಾದ ಮೇಲೆ ಜೆ.ಪಿ. ನಗರದ ನಮ್ಮ ಹದಿನಾರು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಮೊದಲ ಮಹಡಿಯ ಮನೆ ಕೊಂಡಿದ್ದರು. ಮದುವೆಯಾಗಿರಲಿಲ್ಲ. ಸಂಘದ ಕಾರ್ಯದರ್ಶಿಯಾಗಲು ಯಾರೂ ಮುಂದೆ ಬರದಿದ್ದ ವರ್ಷ, "ನಾನ್ ಮಾಡ್ತೀನಿ, ಆದ್ರೆ ಆಡಿದ ಮಾತೆಲ್ಲ ಬರ್ಕೊಳ್ತೀನಿ" ಎಂದು ಒಪ್ಪಿಕೊಂಡರು. ಕಾಲೇಜಿನಲ್ಲಿ ಪಾಠ ಮಾಡುವ ನನ್ನನ್ನು ಜಂಟಿ ಕಾರ್ಯದರ್ಶಿ ಮಾಡಿದರು. ನನ್ನನ್ನು ಅವರು ಕರೆಯುತ್ತಿದ್ದದ್ದು ಮೇಷ್ಟ್ರೇ ಎಂದು.

ಅವರ ಪದ್ಧತಿಯನ್ನು ನಾನು ಮೊದಲು ಕಂಡದ್ದು ತುಳಸಿ ಕುಂಡದ ಜಗಳದಲ್ಲಿ. ಮೇಲಿನ ಮನೆಯ ಕುಂಡಕ್ಕೆ ಹಾಕಿದ ನೀರು ಕೆಳಗಿನ ಬಾಲ್ಕನಿಯಲ್ಲಿ ಒಣಗಹಾಕಿದ್ದ ಸಂಡಿಗೆಯ ಮೇಲೆ ಸೋರಿತ್ತು. ಇಬ್ಬರು ಹೆಂಗಸರೂ ಕೆಳಗಿಳಿದು ಬಂದು ಒಬ್ಬರ ಮನೆತನವನ್ನೊಬ್ಬರು ಜಾಲಾಡಿದರು. ಪದ್ಮಾವತಮ್ಮ ತಲೆ ಎತ್ತದೆ ಗೀಚಿಕೊಂಡರು. ಇಬ್ಬರಿಗೂ ಏದುಸಿರು ಹತ್ತಿದ ಮೇಲೆ ಕನ್ನಡಕ ಸರಿಮಾಡಿಕೊಂಡು, ಪಡಿತರ ಅಂಗಡಿಯಲ್ಲಿ ಹೆಸರು ಕೂಗುವಷ್ಟು ಸಪ್ಪೆ ದನಿಯಲ್ಲಿ ಓದಿದರು: "ನಿನ್ನ ಮನೆ ಹಾಳಾಗ. ನಿನ್ನ ಮಕ್ಕಳಿಗೆ ಒಳ್ಳೇದಾಗಲ್ಲ, ನೋಡ್ತಿರು." ಆಮೇಲೆ ಕೇಳಿದರು, "ಇದು ನಿಮ್ಮ ಮಾತು ತಾನೇ? ಸರಿಯಾಗಿ ಬರ್ಕೊಂಡಿದ್ದೀನಾ?"

ಆ ಹೆಂಗಸು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಅಯ್ಯೋ, ಅದನ್ನ ತೆಗೆದ್ಬಿಡಿ ಮೇಡಂ" ಎಂದರು. ಮರುದಿನ ಕುಂಡದ ಕೆಳಗೆ ತಟ್ಟೆ ಬಂತು.

ಇನ್ನೊಮ್ಮೆ ವಾಟ್ಸಾಪ್ ಗುಂಪಿನಲ್ಲಿ ಹೊಗೆಯಾಡುತ್ತಿದ್ದ ಒಂದು ವಿಷಯ ಸಭೆಗೆ ಬಂತು. ಮನೆಗೆಲಸದವರು, ವಾಚ್‌ಮನ್ ಲಿಫ್ಟ್ ಹತ್ತಬಾರದು ಎನ್ನುವುದು. ಪದ್ಮಾವತಮ್ಮ ಪೆನ್ಸಿಲ್ ಹಿಡಿದು, "ಯಾರ ಪ್ರಸ್ತಾವ ಅಂತ ಹಾಕ್ಲಿ?" ಎಂದರು. ಒಬ್ಬರು ಫೋನ್ ನೋಡಿಕೊಂಡರು, ಇನ್ನೊಬ್ಬರು "ಎಲ್ಲರ ಅಭಿಪ್ರಾಯ" ಎಂದರು. "ಎಲ್ಲರೂ ಅನ್ನೋರು ಯಾವ ಫ್ಲ್ಯಾಟಲ್ಲಿದ್ದಾರೆ?" ಎಂದು ಕೇಳಿ, ಉತ್ತರಕ್ಕೆ ಕಾದು, ಮುಂದಿನ ವಿಷಯಕ್ಕೆ ಹೋದರು. ನಮ್ಮ ವಾಚ್‌ಮನ್ ಹನುಮಂತಪ್ಪ ಆಗ ಬಾಗಿಲಲ್ಲೇ ನಿಂತಿದ್ದ. ಕೊಪ್ಪಳದ ಕಡೆಯವನು. ಹೆಂಡತಿ ರೇಣವ್ವನ ಜೊತೆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ವಾಸ. ಆಕೆ ನಮ್ಮ ಕಟ್ಟಡದಲ್ಲೇ ನಾಲ್ಕು ಮನೆಗಳ ಪಾತ್ರೆ ತೊಳೆಯುತ್ತಿದ್ದಳು.

ಆ ಬೇಸಿಗೆಯಲ್ಲಿ ನೆಲದಡಿಯ ನೀರಿನ ಸಂಪು ಸೋರತೊಡಗಿತು. ಕಂಟ್ರಾಕ್ಟರ್ ಬಂದು ಒಳಗೆಲ್ಲ ನೀರು ಸೋರದ ರಾಸಾಯನಿಕ ಬಳಿದ. ಮೂರು ದಿನ ಗಾಳಿಯಾಡಬೇಕು, ಅಲ್ಲಿಯವರೆಗೆ ಯಾರೂ ಒಳಗಿಳಿಯಬಾರದು ಎಂದು ಎಚ್ಚರಿಸಿ ಹೋದ. ಪದ್ಮಾವತಮ್ಮ ಸಂಪಿನ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿದರು. ನೋಟಿಸ್ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದರು. ಒಂದು ಕೀ ತಾವಿಟ್ಟುಕೊಂಡು ಇನ್ನೊಂದನ್ನು ನನಗೆ ಕೊಟ್ಟರು. ಅದೇ ಸಂಜೆ ಮೈಸೂರಿನಲ್ಲಿ ಅವರ ಚಿಕ್ಕಪ್ಪ ತೀರಿಕೊಂಡ ಸುದ್ದಿ ಬಂದು, ಹೊರಟುಹೋದರು.

ಎರಡನೇ ದಿನ ಭಾನುವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಟ್ಯಾಂಕರ್ ಬಂದು ಗೇಟಿನ ಮುಂದೆ ನಿಂತಿತು. ಸಂಘದ ಅಧ್ಯಕ್ಷ ಪ್ರಭಾಕರ್ ಹೇಗೋ ಮಾಡಿ ತರಿಸಿದ್ದರು. ವಾಪಸ್ಸು ಕಳಿಸಿದರೆ ಇನ್ನು ಬುಧವಾರವೇ. ಎಲ್ಲ ಮನೆಗಳಲ್ಲೂ ಬಕೆಟ್ಟು ಖಾಲಿ. ಸಂಪಿನ ತಳದಲ್ಲಿ ಕೆಲಸದವರು ಬಿಟ್ಟುಹೋದ ಮರಳು, ಚಿಂದಿ ಬಿದ್ದಿತ್ತು.

"ಮೇಡಂ ಬರ್ಲಿ ಸಾರ್, ನಾಳೆವರೆಗೂ ಇಳೀಬಾರ್ದು ಅಂದಿದ್ದಾರೆ" ಎಂದೆ.

"ಐದು ನಿಮಿಷದ ಕೆಲಸ ಕಣ್ರೀ. ಹನುಮಂತಪ್ಪ ಗುಡಿಸಿ ಮೇಲೆ ಬರ್ತಾನೆ. ನಿಮ್ಮನೇಲಿ ನೀರಿದ್ಯಾ?"

ನಮ್ಮ ಮನೆಯಲ್ಲಿ ನೀರಿರಲಿಲ್ಲ. ಸಿಂಕಿನಲ್ಲಿ ಎರಡು ದಿನದ ಪಾತ್ರೆ ಇತ್ತು. ನಾನು ಮೇಲೆ ಹೋಗಿ ಕೀ ತಂದುಕೊಟ್ಟೆ.

ಹನುಮಂತಪ್ಪ ಪೊರಕೆ ಹಿಡಿದು ಸಂಪಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಪ್ರಭಾಕರ್ ಅವರನ್ನು ಬಿಟ್ಟು ನನ್ನ ಕಡೆ ನೋಡಿ, "ಇಳೀಲೇನ್ರೀ ಸರ?" ಎಂದ.

"ಬೇಗ ಬಂದ್ಬಿಡಪ್ಪ" ಎಂದೆ ನಾನು.

ಅವನು ಏಣಿಯಲ್ಲಿ ಇಳಿದ. ಪೊರಕೆಯ ಸದ್ದು ಕೇಳಿಸಿತು. "ಭಾಳ ವಾಸನಿ ಐತ್ರಿ ಸರ" ಎಂದ ಒಳಗಿಂದ. ಮತ್ತೆ ಪೊರಕೆಯ ಸದ್ದು, ಆಮೇಲೆ ಅದೂ ನಿಂತಿತು. ನಾವು ಅವನ ಹೆಸರು ಹಿಡಿದು ಕೂಗಿದೆವು. ಟ್ಯಾಂಕರಿನವನು ಇಳಿಯಹೋದವನು ಅರ್ಧಕ್ಕೇ ತಲೆ ಸುತ್ತಿ ಮೇಲೆ ಬಂದ. ರೇಣವ್ವ ಯಾರದೋ ಮನೆಯಿಂದ ಓಡಿಬಂದು ಸಂಪಿನ ಬಾಯಿಗೆ ಬಗ್ಗಿದಳು. ಅಗ್ನಿಶಾಮಕದವರು ಬರುವವರೆಗೆ ಆಕೆಯ ತೋಳು ಹಿಡಿದು ತಡೆದದ್ದೊಂದೇ ನಾವು ಮಾಡಿದ ಕೆಲಸ. ಹನುಮಂತಪ್ಪನನ್ನು ಮೇಲೆತ್ತಿದಾಗ ಜೀವವಿರಲಿಲ್ಲ.

ಪೊಲೀಸರಿಗೆ ಪ್ರಭಾಕರ್ ಹೇಳಿದ್ದು ಒಂದೇ ಮಾತು: ಅವನಾಗಿಯೇ ಇಳಿದ. ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ರೇಣವ್ವ ಹೆಣದ ಜೊತೆ ಊರಿಗೆ ಹೋದಳು.

ಪದ್ಮಾವತಮ್ಮ ಮೈಸೂರಿನಿಂದ ಮರಳಿದ ಮೇಲೆ, ಬುಧವಾರ ಸಭೆ ಸೇರಿತು. ಪ್ರಭಾಕರ್ ಒಂದು ಪತ್ರ ಸಿದ್ಧಮಾಡಿ ತಂದಿದ್ದರು. ವಾಚ್‌ಮನ್ ಯಾರಿಗೂ ತಿಳಿಸದೆ ಸ್ವಇಚ್ಛೆಯಿಂದ ಸಂಪಿಗಿಳಿದನೆಂದು ಅದರಲ್ಲಿತ್ತು. ಕೆಳಗೆ ಕಾರ್ಯದರ್ಶಿಯ ಸಹಿ ಬೇಕಿತ್ತು. ಪದ್ಮಾವತಮ್ಮ ಎರಡು ಸಲ ಓದಿದರು.

"ನಾನು ಬೀಗ ಹಾಕಿದ್ನಲ್ಲ?"

"ಒಡೆದಿರ್ಬೇಕು ಮೇಡಂ."

"ಒಡೆದ ಬೀಗ ಎಲ್ಲಿ?"

ಅವರು ನೋಟ್‌ಬುಕ್ ತೆರೆದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಗೊತ್ತಿಲ್ಲ, ನೋಡಿಲ್ಲ, ಒಳಗಿದ್ದೆ. ನನ್ನ ಸರದಿ ಬಂತು. ಕೀ ಯಾರ ಹತ್ತಿರವಿತ್ತೆಂದು ಆ ಸಭೆಯಲ್ಲಿ ನಮ್ಮಿಬ್ಬರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ನಾನು ಮನೇಲಿರ್ಲಿಲ್ಲ" ಎಂದೆ.

ಪೆನ್ಸಿಲ್ ಒಂದು ಕ್ಷಣ ತಡೆದು, ಮತ್ತೆ ಓಡಿತು. ಎಲ್ಲರದ್ದೂ ಆದ ಮೇಲೆ ಎಂದಿನ ದನಿಯಲ್ಲಿ ಓದುತ್ತ ನನ್ನ ಹೆಸರಿಗೆ ಬಂದರು. "ಮೇಷ್ಟ್ರು. ನಾನು ಮನೇಲಿರ್ಲಿಲ್ಲ. ಸರೀನಾ?"

"ಸರಿ" ಎಂದೆ.

ಪತ್ರಕ್ಕೆ ಅವರು ಸಹಿ ಹಾಕಲಿಲ್ಲ. ಎದ್ದುಹೋದರು.

ಎರಡು ದಿನ ಅವರು ನನ್ನನ್ನು ಏನೂ ಕೇಳಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಕೆಳಗಿನ ಕೋಣೆಯ ಬಾಗಿಲ ಬಳಿ ಹನುಮಂತಪ್ಪನ ಚಪ್ಪಲಿ ಹಾಗೇ ಇದ್ದವು. ದಾಟಿಕೊಂಡೇ ಕಾಲೇಜಿಗೆ ಹೋಗಬೇಕಿತ್ತು. ಮೂರನೆಯ ದಿನ ನಾನು ಅವರ ಮನೆಯ ಕರೆಗಂಟೆ ಒತ್ತಿದೆ. ಅವರು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. ಕೂರಿ ಎನ್ನಲಿಲ್ಲ. ನಾನು ನಿಂತೇ ಹೇಳಿದೆ. ಕೀ ಕೊಟ್ಟದ್ದು, ಅವನು ಕೇಳಿದ್ದು, ನಾನು ಅಂದದ್ದು. ನೋಟ್‌ಬುಕ್ ಅಲ್ಲೇ ಮೇಜಿನ ಮೇಲಿತ್ತು, ಅವರು ಅದನ್ನು ಮುಟ್ಟಲಿಲ್ಲ.

"ಇದನ್ನ ನಾನು ಬರ್ಕೊಳ್ಳಲ್ಲ ಮೇಷ್ಟ್ರೇ. ನನ್ನ ಹತ್ರ ಹೇಳಿ ಹಗುರ ಮಾಡ್ಕೊಂಡು ಹೋಗೋದಲ್ಲ ಇದು. ಚಪ್ಪಲಿ ಹಾಕ್ಕೊಳ್ಳಿ, ನಾನೂ ಬರ್ತೀನಿ."

ಠಾಣೆಗೆ ನಡೆದೇ ಹೋದೆವು. ನಾನು ಹೇಳಿಕೆ ಕೊಟ್ಟು ಮುಗಿಸಿದ ಮೇಲೆ ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ನೀವು ಊರಲ್ಲೇ ಇರಲಿಲ್ವಲ್ಲಮ್ಮ, ನಿಮ್ಮದೇನಿದೆ?" ಎಂದರು ಇನ್ಸ್‌ಪೆಕ್ಟರ್.

"ಇದೆ. ಬೋರ್ಡಲ್ಲಿ ಬರ್ದೆ. ಕನ್ನಡದಲ್ಲೂ ಬರ್ದೆ, ಇಂಗ್ಲಿಷಲ್ಲೂ ಬರ್ದೆ. ಯಾವತ್ತಾದ್ರೂ ಸಂಪಿಗೆ ಇಳಿಯೋನು ಹನುಮಂತಪ್ಪ ಒಬ್ಬನೇ. ಅವನಿಗೆ ಓದಕ್ಕೆ ಬರಲ್ಲ ಅಂತ ನಂಗೆ ಗೊತ್ತಿತ್ತು. ಕರೆದು ಬಾಯಲ್ಲಿ ಒಂದ್ಮಾತು ಹೇಳ್ಲಿಲ್ಲ. ಅದನ್ನೂ ಹಾಕ್ಕೊಳ್ಳಿ."

ಅಷ್ಟು ವರ್ಷದಲ್ಲಿ ಅವರ ದನಿ ನಡುಗಿದ್ದನ್ನು ಕೇಳಿದ್ದು ಅದೊಂದೇ ಸಲ.

ಪ್ರಕರಣದಲ್ಲಿ ಆರೋಪಿಗಳಾಗಿ ಮೂವರ ಹೆಸರು ಬಂತು, ಪ್ರಭಾಕರ್, ನಾನು, ಅವರು. ಕಟ್ಟಡದ ಹೆಸರು ಪತ್ರಿಕೆಗೆ ಬಂದದ್ದಕ್ಕೆ ಜನ ಸಿಟ್ಟಾದರು. ಮನೆ ಮಾರಲು ಹೊರಟವರಿಗೆ ತೊಂದರೆಯಾಯಿತಂತೆ. ವಿಶೇಷ ಸಭೆ ಕರೆದು ಅವರನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸಿದರು. ತಮ್ಮನ್ನು ಇಳಿಸಿದ ಸಭೆಯ ನಡಾವಳಿಯನ್ನು ಅವರೇ ಬರೆದುಕೊಂಡರು. "ಈ ಹೆಂಗಸು ಕಟ್ಟಡಕ್ಕೆ ಶನಿ" ಎಂದು ಹಿಂದಿನಿಂದ ಯಾರೋ ಅಂದದ್ದನ್ನೂ ಬಿಡದೆ ಓದಿ, ಸಹಿ ಹಾಕಿ, ಪುಸ್ತಕವನ್ನು ಹೊಸ ಕಾರ್ಯದರ್ಶಿಯ ಕೈಗಿತ್ತರು. ಯಾವ ಮುಖದಲ್ಲೂ ಅವತ್ತು ನಾಚಿಕೆ ಕಾಣಲಿಲ್ಲ. ಆರು ತಿಂಗಳಲ್ಲಿ ಅವರು ಮನೆ ಮಾರಿ ಶ್ರೀನಗರದ ಅಕ್ಕನ ಮನೆಗೆ ಹೋದರು.

ಆಮೇಲೆ ಅವರನ್ನು ಕಾಣುತ್ತಿದ್ದದ್ದು ಕೋರ್ಟಿನ ವರಾಂಡದಲ್ಲಿ ಮಾತ್ರ. ರೇಣವ್ವ ಪ್ರತಿ ತಾರೀಖಿಗೂ ಕೊಪ್ಪಳದಿಂದ ಬರುತ್ತಿದ್ದಳು. ಅಷ್ಟು ದೂರದಿಂದ ಬರಬೇಕಾಗಿಲ್ಲ ಎಂದು ವಕೀಲರು ಹೇಳಿದರೂ ಕೇಳುತ್ತಿರಲಿಲ್ಲ. ಪದ್ಮಾವತಮ್ಮ ಮನೆಯಿಂದ ಡಬ್ಬಿಯಲ್ಲಿ ತಿಂಡಿ ತರುತ್ತಿದ್ದರು. ಮೊದಲ ಎರಡು ಸಲ ರೇಣವ್ವ ಮುಟ್ಟಲಿಲ್ಲ. ಮೂರನೆಯ ಸಲ ತೆಗೆದುಕೊಂಡಳು. ನನ್ನ ಕಡೆ ಮಾತ್ರ ಆಕೆ ತಿರುಗಿಯೂ ನೋಡುತ್ತಿರಲಿಲ್ಲ. ಪದ್ಮಾವತಮ್ಮ ಅದನ್ನು ಸರಿಮಾಡಲು ಹೋಗಲಿಲ್ಲ. ಜೀವನವಿಡೀ ರಾಜಿ ಮಾಡಿಸಿದ ಹೆಂಗಸು, ಈ ಒಂದರಲ್ಲಿ ರಾಜಿಯ ಮಾತೆತ್ತಲಿಲ್ಲ.

ಕೊನೆಯ ಸಲ ಕಂಡಾಗ ಅವರು ಬಹಳ ಇಳಿದುಹೋಗಿದ್ದರು. ಬಸ್ ಸ್ಟಾಪಿನಲ್ಲಿ, "ಡಾಕ್ಟ್ರು ಏನಂತಾರೆ?" ಎಂದೆ. "ಅವರಿಗೇನು, ಏನೋ ಒಂದು ಅಂತಾರೆ" ಎಂದರು. ಬಸ್ಸು ಕಂಡಾಗ ಕೈಚೀಲ ಹೆಗಲಿಗೇರಿಸಿಕೊಂಡು, "ಮುಂದಿನ ತಾರೀಖು ತಪ್ಪಿಸ್ಕೋಬೇಡಿ ಮೇಷ್ಟ್ರೇ. ಆಕೆ ಅಷ್ಟು ದೂರದಿಂದ ಬರ್ತಾಳೆ" ಎಂದು ಹತ್ತಿದರು.

ಆ ತಾರೀಖಿಗೆ ಹದಿನೈದು ದಿನ ಮುಂಚೆ ತೀರಿಕೊಂಡರು. ನಮ್ಮ ಕಟ್ಟಡದಿಂದ ಹೋದವನು ನಾನೊಬ್ಬನೇ.

ಕೋರ್ಟಿನಲ್ಲಿ ಅವರ ಹೆಸರು ಕೂಗಿದಾಗ ವಕೀಲರು ಎದ್ದು, ಮೂರನೇ ಆರೋಪಿ ಮೃತರಾಗಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕೇಸು ಮತ್ತೆ ಮುಂದಕ್ಕೆ ಹೋಯಿತು. ಹೊರಗೆ ಬಂದರೆ ರೇಣವ್ವ ವರಾಂಡದ ಬೆಂಚಿನಲ್ಲಿ ಕೂತು ಮೆಟ್ಟಿಲ ಕಡೆ ನೋಡುತ್ತಿದ್ದಳು. ಪಕ್ಕದಲ್ಲಿ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿಯ ಗಂಟು. ಈ ಸಲ ಆಕೆಯೇ ಪದ್ಮಾವತಮ್ಮನವರಿಗೆಂದು ತಂದಿದ್ದಳು. ಇಷ್ಟು ದಿನದಲ್ಲಿ ಮೊದಲ ಬಾರಿಗೆ ನನ್ನನ್ನು ಮಾತಾಡಿಸಿದಳು.

"ಅಕ್ಕಾರು ಯಾಕ ಬಂದಿಲ್ರೀ?"

ನಾನು ಹೇಳಿದೆ. ಆಕೆ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು, ಅದರ ಮೇಲೆ ಎರಡೂ ಕೈ ಇಟ್ಟಳು.

"ನನಗ ಯಾರೂ ಹೇಳಲೇ ಇಲ್ಲಲ್ರೀ" ಎಂದಳು.

ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತೆ. ಆಕೆ ಎದ್ದು ಹೋಗಲಿಲ್ಲ.