ಆಪರೇಟರ್ ಅಕ್ಕನ ಕಂಪ್ಯೂಟರಿಗೆ ಬಂದ ದನಿ

ನೀರು ಸರಬರಾಜು ಇಲಾಖೆಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಆಪರೇಟರ್ ಅಕ್ಕ ಎಂದೇ. ಹುಟ್ಟಿನಿಂದ ಕಣ್ಣು ಕಾಣದ ಅವರು ಮೊದಲು ಕಚೇರಿಯ ಫೋನುಗಳನ್ನು ನೋಡಿಕೊಳ್ಳುತ್ತಿದ್ದರು. ಆ ಕೆಲಸ ನಿಂತು ಟಪಾಲು ವಿಭಾಗಕ್ಕೆ ಬಂದ ಮೇಲೂ ಹೆಸರು ಅಂಟಿಕೊಂಡೇ ಉಳಿಯಿತು.

ಅವರ ಕಂಪ್ಯೂಟರಿನಲ್ಲಿ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವಿತ್ತು. ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಬಂದ ಪತ್ರಗಳಿಗೆ ಪಟಪಟನೆ ಉತ್ತರ ಬರೆಯುತ್ತಿದ್ದರು. ಆದರೆ ವರ್ಷಕ್ಕೊಮ್ಮೆ ಅದರ ಲೈಸೆನ್ಸ್ ಮುಗಿಯುತ್ತಿತ್ತು. ಹೊಸದಕ್ಕೆ ಮಂಜೂರಾತಿ ಬರುವಷ್ಟರಲ್ಲಿ ಮಳೆಗಾಲವೇ ಕಳೆದಿರುತ್ತಿತ್ತು. ಅಷ್ಟು ಕಾಲವೂ ಯಂತ್ರ ಮೂಕ, ಅಕ್ಕ ಕೈಕಟ್ಟಿ ಕೂರಬೇಕು.

"ಸಂಬಳ ತಗೊಳ್ಳೋಕೆ ನಾಚಿಕೆ ಆಗುತ್ತೆ ಕಣೇ," ಎಂದು ತಂಗಿಯ ಹತ್ತಿರ ಹೇಳಿಕೊಳ್ಳುತ್ತಿದ್ದರು.

ಹೀಗಿರುವಾಗ ಸುತ್ತೋಲೆ ಬಂತು. ಇನ್ನು ಇಲಾಖೆಯ ಎಲ್ಲ ಕಂಪ್ಯೂಟರುಗಳಿಗೂ ಮುಕ್ತ ತಂತ್ರಾಂಶ. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಉಳಿದವರು ಗೊಣಗಿ ಸುಮ್ಮನಾದರು. ಅಕ್ಕನಿಗೆ ಮಾತ್ರ ಹೆದರಿಕೆಯಾಯಿತು. ಹಳೆಯ ದನಿ ಹೊಸದರಲ್ಲಿ ನಡೆಯುವುದಿಲ್ಲವೆಂದು ಗುಮಾಸ್ತರೊಬ್ಬರು ಹೇಳಿದ್ದರು. ಅಂದು ಅಕ್ಕ ಮನೆಗೆ ಬಂದವರೇ, ಕೆಲಸ ಬಿಟ್ಟುಬಿಡುತ್ತೇನೆ ಎಂದರು.

"ಮೊದಲು ಕೇಳಿ ನೋಡು. ಬಾಯಿಗೇನಾಗಿದೆ ನಿಂಗೆ?" ಎಂದಳು ತಂಗಿ.

ಬದಲಾಯಿಸಲು ಬಂದ ತಂತ್ರಜ್ಞೆಯನ್ನು ಅಕ್ಕ ಕೇಳಿಯೇ ಬಿಟ್ಟರು. "ಇದು ನಂಗೆ ಓದಿ ಹೇಳುತ್ತಾ? ಇರೋದನ್ನ ಇದ್ದ ಹಾಗೆ ಹೇಳಮ್ಮ."

"ಹೇಳುತ್ತೆ ಮೇಡಂ. ಓದೋ ವ್ಯವಸ್ಥೆ ಇದರ ಜೊತೆಗೇ ಬಂದಿದೆ."

ಹೊಸದನ್ನು ಹಾಕಿ ಮುಗಿಸಿದ ಮೇಲೆ ಹೆಡ್‌ಫೋನಿನಲ್ಲಿ ಏನೂ ಕೇಳಿಸಲಿಲ್ಲ. ತಂತ್ರಜ್ಞೆ ಏನೇನೋ ಒತ್ತಿ, "ಅಯ್ಯೋ, ಸೌಂಡೇ ಆಫ್ ಇತ್ತು," ಎಂದಳು. ಮರುಗಳಿಗೆ ನೆಗಡಿ ಹಿಡಿದವರಂಥ ದನಿಯೊಂದು ಅಚ್ಚ ಕನ್ನಡದಲ್ಲಿ ಓದತೊಡಗಿತು.

"ಇದು ಯಾವಾಗ ಮುಗಿಯುತ್ತೆ?"

"ಏನು ಮುಗಿಯೋದು?"

"ಲೈಸೆನ್ಸು."

"ಮುಗಿಯೋದೇ ಇಲ್ಲ ಮೇಡಂ. ಮನೆ ಕಂಪ್ಯೂಟರ್‌ಗೂ ಹಾಕ್ಕೊಳ್ಳಿ, ಯಾರೂ ಬೇಡ ಅನ್ನಲ್ಲ."

ಅಕ್ಕ ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡು, ಹೆಡ್‌ಫೋನನ್ನು ಸರಿಮಾಡಿಕೊಂಡರು.

ಕೀಲಿಗಳ ಹೊಸ ರೂಢಿಗೆ ಬೆರಳುಗಳು ಒಗ್ಗಲು ಸಮಯ ಹಿಡಿಯಿತು. ಒಂದು ಉತ್ತರ ತಪ್ಪು ವಿಭಾಗಕ್ಕೆ ಹೋಗಿ ಬೈಸಿಕೊಂಡದ್ದೂ ಆಯಿತು. ಆಮೇಲೆ ಕೆಲಸ ಹಳಿಗೆ ಬಂತು. ಮಳೆಗಾಲ ಬಂದರೂ ಯಂತ್ರ ಬಾಯಿ ಮುಚ್ಚಲಿಲ್ಲ.

ಮನೆಯ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಸಿದರು. ಚಿಕ್ಕಂದಿನಿಂದ ಪತ್ರಿಕೆ ಓದಿ ಹೇಳುತ್ತಿದ್ದವಳು ತಂಗಿ. ಆ ಸಂಜೆ ಅಕ್ಕ ಲ್ಯಾಪ್‌ಟಾಪಿನಲ್ಲಿ ತಾವೇ ಪತ್ರಿಕೆ ಕೇಳಿಸಿಕೊಂಡರು.

"ಇಷ್ಟೊಂದು ಕೊಲೆ ಸುದ್ದಿ ಬರುತ್ತಾ ದಿನಾ? ನೀನು ಒಂದೂ ಓದಿಲ್ವಲ್ಲೇ."

"ನೀನು ಹೆದರ್ತೀಯ ಅಂತ ಹಾರಿಸ್ತಿದ್ದೆ," ಎಂದ ತಂಗಿ ಸೋಫಾದ ಮೇಲೆ ಕಾಲು ಚಾಚಿದಳು. "ಇನ್ನು ನನ್ನ ಗಂಟಲಿಗೆ ರಜೆ."

ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಅಕ್ಕ ದನಿಯನ್ನು ಸಣ್ಣಗೆ ಮಾಡಿಕೊಂಡು ಮುಂದಿನ ಪುಟಕ್ಕೆ ಹೋದರು.