ಮೇ ತಿಂಗಳಲ್ಲಿ ಊರು ಕಾಣದ ಅಣ್ಣ

ನಮ್ಮಣ್ಣ ಹೊನ್ನಪ್ಪ ಜೀವಮಾನದಲ್ಲಿ ನನ್ನ ಹತ್ತಿರ ಕೇಳಿದ್ದು ಒಂದೇ ಒಂದು ಉಪಕಾರ. ಮಗಳ ಮದುವೆಯ ವಾರ ನಾಗಪುರದ ಅಂಗಡಿಯಲ್ಲಿ ನಾನು ಕೂತಿರಬೇಕು, ಅವನು ಕುಮಟೆಗೆ ಹೋಗಿ ಧಾರೆ ಎರೆದು ಬರಬೇಕು. ನಾನು ಕೂರಲಿಲ್ಲ. ಅದನ್ನು ಹೇಳುವ ಮೊದಲು ಅಣ್ಣ ಎಂಥವನು ಎಂದು ಹೇಳಬೇಕು. ಇಲ್ಲದಿದ್ದರೆ, ಒಂದು ಕೂಲರ್ ಅಂಗಡಿ ನಾಲ್ಕು ದಿನ ಮುಚ್ಚಿದರೆ ಆಕಾಶ ಬೀಳುತ್ತದೆಯೇ ಎಂದು ನೀವು ನನ್ನ ಪರವಾಗಿಯೇ ನಿಂತುಬಿಡುತ್ತೀರಿ.

ಅಣ್ಣನಷ್ಟು ಕೆಟ್ಟ ಹವೆಯಲ್ಲಿ ಬದುಕಿದ ಮನುಷ್ಯನನ್ನು ನಾನು ನೋಡಿಲ್ಲ. ಶಿವರಾತ್ರಿ ಮುಗಿದು ನಾಗಪುರದ ಹಿತವಾದ ಚಳಿ ಕಾಲು ಕಿತ್ತಿತೆಂದರೆ ಇವನು ಅಲ್ಲಿ ಕಾಲಿಡುವನು. ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಷ್ಟೂ ದಿನ ಅಲ್ಲೇ. ಮಳೆ ಬಿದ್ದು ಆ ಊರು ತಣ್ಣಗಾಗಿ ಮನುಷ್ಯರು ಇರುವಂತಾಯಿತೋ, ಅಂಗಡಿಗೆ ಬೀಗ ಜಡಿದು ಕುಮಟೆಗೆ ಬರುವನು. ಆಗ ಕುಮಟೆಯಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ.

ವ್ಯಾಪಾರವೇ ಹಾಗಿತ್ತು. ನಮ್ಮ ಕಡೆಯ ಮರಳು ನೆಲದಲ್ಲಿ ಬೆಳೆಯುವ ಲಾವಂಚದ ಬೇರನ್ನು ಚಳಿಗಾಲದಲ್ಲಿ ಅಗೆಸಿ, ಒಣಗಿಸಿ, ನಾಗಪುರಕ್ಕೆ ಒಯ್ಯುವುದು. ಅಲ್ಲಿ ಮನೆಮನೆಯಲ್ಲೂ ಕೂಲರ್, ನೆನೆದ ಬೇರಿನ ಮೂಲಕ ಗಾಳಿ ಹಾಯಿಸಿ ತಂಪು ಮಾಡುವ ಪೆಟ್ಟಿಗೆ. ಅದರ ಮೂರು ಬದಿಯ ಚೌಕಟ್ಟಿಗೆ ಹೊಸ ಬೇರು ತುಂಬಿ, ಪಂಪು ರಿಪೇರಿ ಮಾಡಿಕೊಡುವುದು. ಬಜಾಜ್ ನಗರದ ಒಂದು ಮೂಲೆಯಲ್ಲಿ ಅವನ ಅಂಗಡಿ. ಬೇಸಿಗೆಯ ಕೊನೆಗೆ ಇತವಾರಿಯ ಸಗಟು ಪೇಟೆಯಲ್ಲಿ ತಾಡಪಾಲು ಕೊಂಡು ಲಾರಿಗೆ ಹಾಕುವನು. ಕುಮಟೆಯ ಜನ ಜಗಲಿಗೆ ಮಳೆ ಹೊಡೆಯದಂತೆ ಕಟ್ಟಲು ಅದನ್ನು ಕೊಳ್ಳುವರು. ಈ ಕಡೆಯ ಅಂಗಡಿ ನನ್ನದು. ಅಂದರೆ, ಅಣ್ಣ ಕಳಿಸುವನು, ನಾನು ಗಲ್ಲೆಯ ಹಿಂದೆ ಕೂರುವೆ. ನಾವಿಬ್ಬರೂ ಏಳನೆಯ ಇಯತ್ತೆ ದಾಟಿದವರಲ್ಲ. ಆದರೂ ಪೇಟೆಯಲ್ಲಿ ನನ್ನನ್ನು ‘ತಾಡಪಾಲು ಸಾಹುಕಾರ್ರು’ ಎನ್ನುತ್ತಿದ್ದರು. ಅಣ್ಣನನ್ನು ‘ಆ ನಾಗಪುರದವ’ ಎನ್ನುತ್ತಿದ್ದರು. ನಾಗಪುರದಲ್ಲಿ ಅವನು ‘ಮದ್ರಾಸಿ ಅಣ್ಣಾ’. ಅವನ ಅಪ್ಪನ ವಯಸ್ಸಿನವರೂ ಅಲ್ಲಿ ಅವನನ್ನು ಅಣ್ಣಾ ಎಂದೇ ಕರೆಯುವರು.

“ದೇವ್ರು ಜನ್ರಿಗೆ ಎಲ್ಲಿ ತೊಂದ್ರೆ ಕೊಡ್ತನೋ ಅಲ್ಲಿ ನಾವು ಹಾಜರಿರ್ಬೇಕು ತಮ್ಮಾ,” ಎನ್ನುವನು ಅಣ್ಣ. “ಅದೇ ನಮ್ಮ ಬಂಡವಾಳ.”

ಒಂದು ಏಪ್ರಿಲಿನಲ್ಲಿ ನಾನು ಸರಕು ತಲುಪಿಸಲು ಅಲ್ಲಿಗೆ ಹೋಗಿದ್ದಾಗ ಅಕಾಲದಲ್ಲಿ ಆಲಿಕಲ್ಲು ಮಳೆ ಬಿತ್ತು. ಬಜಾಜ್ ನಗರದ ಜನವೆಲ್ಲ ಬೀದಿಗೆ ಬಂದು ಕುಣಿದರು. ಮುದುಕಿಯರು ಸೆರಗೊಡ್ಡಿ ಆಲಿಕಲ್ಲು ಹಿಡಿದರು. ಅಣ್ಣ ಒಬ್ಬನೇ ಕೂಲರುಗಳ ನಡುವೆ ಗಲ್ಲಕ್ಕೆ ಕೈಯಿಟ್ಟು ಕೂತಿದ್ದ. ಪಕ್ಕದ ಪಾನ್ ಅಂಗಡಿಯವನು ತೊಯ್ದುಕೊಂಡೇ ಬಂದು ಇಣುಕಿ, “ಕ್ಯಾ ಅಣ್ಣಾ, ಘರ್ ಮೇ ಕೋಯಿ ಮರ್ ಗಯಾ ಕ್ಯಾ?” ಎಂದು ಕೇಳಿದ. ಮನೆಯಲ್ಲಿ ಯಾರಾದರೂ ಸತ್ತರೇ ಎಂದು.

“ನಹೀ ಭಾವು,” ಎಂದ ಅಣ್ಣ, “ಗಿರಾಕಿ ಮರ್ ಗಯಾ.”

ನಮ್ಮ ಕಡೆ ಮದುವೆಗಳೆಲ್ಲ ಏಪ್ರಿಲ್, ಮೇ ತಿಂಗಳಲ್ಲಿ. ಹಾಗಾಗಿ ಅಣ್ಣ ತನ್ನದೊಂದು ಬಿಟ್ಟು ನಮ್ಮ ಮನೆತನದ ಒಂದು ಮದುವೆಯ ಊಟವನ್ನೂ ಉಂಡವನಲ್ಲ. ನನ್ನ ಮದುವೆಗೆ ತನ್ನ ಬದಲು ಒಂದು ದೊಡ್ಡ ಕೂಲರ್ ಕಳಿಸಿದ. ಕರಾವಳಿಯ ಬೆವರಿನ ಹವೆಯಲ್ಲಿ ಕೂಲರ್ ನಡೆಯುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಕಳಿಸಿದ. ಅದು ಚಪ್ಪರದಲ್ಲಿ ಲಾರಿಯ ಹಾಗೆ ಗುಡುಗುತ್ತ ಪುರೋಹಿತರ ಮೇಲೆ ಬಿಸಿ ಹಬೆ ಊದಿತು. ‘ನಿಮ್ಮಣ್ಣನ ಆಶೀರ್ವಾದ ಸ್ವಲ್ಪ ಬಂದ್ ಮಾಡಿ’ ಎಂದರು ಪುರೋಹಿತರು.

ಅತ್ತಿಗೆ ನಕ್ಕು ನಕ್ಕು ಹೇಳುವ ಮಾತೊಂದಿತ್ತು: “ಮಳೆ ಸಂಗ್ತಿಗೇ ಬರುದು, ಬೇಸ್ಗೆ ಬಂದ್ರೆ ಮಾಯ ಆಗುದು. ನನ್ನ ಕಟ್ಟಿಕೊಂಡದ್ದು ಗಂಡನೋ ಮುಂಗಾರೋ ಇನ್ನೂ ಗೊತ್ತಾಗ್ಲಿಲ್ಲ.”

ಅವರ ಒಬ್ಬಳೇ ಮಗಳು ಸುಜಾತಾ. ಅವಳ ಮದುವೆಯೂ ಮೇ ತಿಂಗಳಿಗೇ ಗೊತ್ತಾಯಿತು. ನಿಶ್ಚಿತಾರ್ಥದ ದಿನ ಬೀಗರೆಲ್ಲ ಕೂತಿರುವಾಗ ಅಣ್ಣ ಫೋನಿನಲ್ಲಿ ನನ್ನನ್ನು ಕೇಳಿದ. ನಾನು ಎಲ್ಲರಿಗೂ ಕೇಳಿಸುವಂತೆ, “ನೀನು ಬಾ ಅಣ್ಣಾ, ಅಂಗಡಿಗೆ ನಾನಿದ್ದೆ. ನಂಗೆ ಮದುವೆ ಊಟ ತಪ್ಪಿದ್ರೂ ಅಡ್ಡಿಲ್ಲ,” ಎಂದೆ. ಆ ಒಂದು ಮಾತಿಗೆ ನನ್ನ ಎಲೆಗೆ ಎರಡು ಸಲ ಹೋಳಿಗೆ ಬಿತ್ತು.

ನಾಗಪುರಕ್ಕೆ ಹೋದೆ. ಚೌಕಟ್ಟಿಗೆ ಬೇರು ತುಂಬುವುದನ್ನು ಅಣ್ಣ ಕೈ ಹಿಡಿದು ಕಲಿಸಿದ. ಅವನ ಕೆಲಸದವನು ತಾನೂ ಯಾವುದೋ ಮದುವೆಗೆಂದು ಊರಿಗೆ ಹೋಗಿದ್ದ. “ಬಾಕಿದ್ದೆಲ್ಲ ತಡ ಆದ್ರೂ ಚಾಲ್ತೆ,” ಎಂದ ಅಣ್ಣ, “ರಾಮದಾಸಪೇಠದ ಹೆರಿಗೆ ಆಸ್ಪತ್ರೆದು ಮಾತ್ರ ಜಲ್ದಿ ಮಾಡು. ಬಾಣಂತಿಯರ ವಾರ್ಡು.” ಅವನು ರೈಲು ಹತ್ತಿದ. ನಾನು ಠೇಲಾ ಗಾಡಿಯಲ್ಲಿ ಹೋಗಿ ಆಸ್ಪತ್ರೆಯ ಕೂಲರುಗಳ ಚೌಕಟ್ಟುಗಳನ್ನೆಲ್ಲ ಕಳಚಿ ಅಂಗಡಿಗೆ ತಂದು ಗೋಡೆಗೆ ಒರಗಿಸಿದೆ.

ಮಾರನೆಯ ದಿನ ಮಧ್ಯಾಹ್ನ ಒಬ್ಬ ಹೆಂಗಸು ರಿಪೇರಿಗೆ ಕೊಟ್ಟ ಪಂಪು ಕೇಳಲು ಬಂದಳು. ನನಗೆ ಅದು ಯಾವುದೆಂದು ಗೊತ್ತಾಗಲಿಲ್ಲ. ಸೊಂಟಕ್ಕೆ ಕೈಯಿಟ್ಟು ನೋಡಿದಳು. “ಬಡಾ ಅಣ್ಣಾ ಕಬ್ ಆಯೇಗಾ? ತುಮ್ಸೆ ನಹೀ ಹೋಗಾ, ಛೋಟೂ.” ದೊಡ್ಡಣ್ಣ ಯಾವಾಗ ಬರುತ್ತಾನೆ, ಇದು ನಿನ್ನಿಂದಾಗುವ ಕೆಲಸವಲ್ಲ ಹುಡುಗಾ ಎಂದಳು. ಕುಮಟೆಯ ತಾಡಪಾಲು ಸಾಹುಕಾರ ಅಲ್ಲಿ ಛೋಟೂ! ಬೇರಿನ ಧೂಳು ಮೂಗಿಗೆ ಹೊಕ್ಕಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಕುಮಟೆಯಲ್ಲಿ ಚಪ್ಪರ ಏಳುತ್ತಿರುತ್ತದೆ, ಲಗ್ನಪತ್ರಿಕೆಯಲ್ಲಿ ನನ್ನ ಹೆಸರು ದೊಡ್ಡದಾಗಿದೆ ಎನ್ನುವುದು ನೆನಪಾಯಿತು. ಬೀಗ ಹಾಕಿ, ಬೀಗದ ಕೈಯನ್ನು ಕಿಸೆಗೆ ಹಾಕಿಕೊಂಡು, ಸಿಕ್ಕಿದ ರೈಲು ಹತ್ತಿದೆ.

ನಾನು ಅಂಗಳಕ್ಕೆ ಕಾಲಿಟ್ಟದ್ದು ಮದುವೆಯ ಹಿಂದಿನ ದಿನ. ಅಣ್ಣ ಜಗಲಿಯಲ್ಲಿ ಕೂತು ಇಶಾಡಿ ಮಾವಿನಹಣ್ಣು ತಿನ್ನುತ್ತಿದ್ದ. ರಸ ಮೊಣಕೈವರೆಗೆ ಇಳಿದಿತ್ತು. ಊರಿನಲ್ಲಿ ಕೂತು ಅವನು ಆ ಹಣ್ಣು ತಿಂದು ಎಷ್ಟು ಕಾಲವಾಗಿತ್ತೋ. ನನ್ನನ್ನು ನೋಡಿ ಗೊರಟೆಯನ್ನು ಎಲೆಯ ಮೇಲಿಟ್ಟ.

“ಎಂತಾಯ್ತೋ?”

“ಪಿತ್ತ ಕೆದರ್ತು ಅಣ್ಣಾ. ತಲೆ ತಿರುಗಿ ಬಿದ್ದೆ. ಡಾಕ್ಟ್ರು ಒಂದು ದಿನವೂ ಇರ್ಬೇಡ ಅಂದ್ರು.” ಡಾಕ್ಟರು ಯಾರೂ ಇರಲಿಲ್ಲ.

“ಆಸ್ಪತ್ರೆ ಚೌಕಟ್ಟು?”

“ಅಂಗಡಿಲೇ ಉಂಟು.”

“ಬೇರು ತುಂಬಿದ್ಯಾ?”

ನಾನು ಬಗ್ಗಿ ಚಪ್ಪಲಿ ಕಳಚತೊಡಗಿದೆ. ಅವನು ಎದ್ದು ಕೈ ತೊಳೆದುಕೊಂಡು ಬಂದ.

“ಚಾವಿ ಕೊಡು.”

ಅತ್ತಿಗೆ ಅಡ್ಡ ಬಂದಳು. “ಬೀಗ ಒಡಿಸ್ಲಿ. ಬೇರೆಯವರ ಹತ್ರ ಮಾಡಿಸ್ಕಳಿ ಅಂತ ಫೋನು ಮಾಡಿ. ಮಗಳ ಮದುವೆ!”

“ಮೇ ತಿಂಗ್ಳಲ್ಲಿ ನಾಗಪುರದಲ್ಲಿ ಕೂಲರಿನವ ಖಾಲಿ ಸಿಕ್ಕುದಿಲ್ಲ ಮಾರಾಯ್ತಿ. ಅದ್ಕೇ ಅಲ್ದಾ ನಾವು ಬದುಕಿದ್ದು?” ಎಂದ ಅಣ್ಣ. ಆಮೇಲೆ ಮೆಲ್ಲಗೆ, “ಹಸಿ ಬಾಣಂತಿಯರು. ಅವೂ ಯಾರದೋ ಹೆಣ್ಮಕ್ಕಳು,” ಎಂದ.

ಸುಜಾತಾ ಅರಿಶಿನ ಹಚ್ಚಿದ ಕೈಯಲ್ಲೇ ಅವನ ಅಂಗಿ ಹಿಡಿದಳು. “ಮೇ ತಿಂಗ್ಳಿಗೆ ಒಪ್ಪಿದ್ದು ನಂದೇ ತಪ್ಪು ಮಗಾ,” ಎಂದು ಅವಳ ಕೈ ಬಿಡಿಸಿ, ಅದೇ ಅರಿಶಿನದ ಅಂಗಿಯಲ್ಲಿ ಹೊರಟ.

ಧಾರೆಯನ್ನು ನಾನೂ ನನ್ನ ಹೆಂಡತಿಯೂ ಎರೆದೆವು. ಅತ್ತಿಗೆ ಕಂಬದ ಹಿಂದೆ ನಿಂತಿದ್ದಳು. ಬಂದವರೆಲ್ಲ ನನ್ನ ಬೆನ್ನು ತಟ್ಟಿದರು. “ತಮ್ಮ ಅಂದ್ರೆ ಹೀಗಿರ್ಬೇಕು. ಮೈಯಲ್ಲಿ ಹುಷಾರಿಲ್ದಿದ್ರೂ ಅಣ್ಣನ ಮರ್ಯಾದೆ ಉಳಿಸ್ದ.” “ಆ ನಾಗಪುರದವ ನೋಡಿ, ದುಡ್ಡಿಗೆ ಬಿದ್ದು ಮಗಳ ಧಾರೆ ಬಿಟ್ಟು ಓಡ್ದ.” ನಾನು ಎಲೆಯಡಿಕೆ ತಟ್ಟೆ ಹಿಡಿದುಕೊಂಡು ಎಲ್ಲರಿಗೂ ತಲೆ ಬಾಗಿಸುತ್ತಿದ್ದೆ. ಓಡಿ ಬಂದದ್ದು ನನ್ನ ಸಣ್ಣ ತಪ್ಪು. ಆ ತಲೆ ಬಾಗಿಸಿದ್ದು ದೊಡ್ಡದು.

ಜೂನಿನಲ್ಲಿ ಅಣ್ಣ ಮಳೆಯ ಜೊತೆ ಬಂದ. ಪೇಟೆಯ ಮಾತೆಲ್ಲ ಅವನ ಕಿವಿಗೂ ಬಿತ್ತು. ನನ್ನನ್ನು ಕೇಳಿದ್ದು ಇಷ್ಟೇ: “ಧಾರೆ ಹೊತ್ತಿಗೆ ಹುಡುಗಿ ಅತ್ತಳಾ?” ಇಲ್ಲ ಎಂದೆ. ಅತ್ತಿದ್ದಳು. ಮತ್ತೆ ಆ ವಿಷಯ ಎತ್ತಲಿಲ್ಲ. ಮುಂದಿನ ಬೇಸಿಗೆಗಳಲ್ಲೂ ತಾಡಪಾಲು ಕಳಿಸಿದ, ನಾನು ಗಲ್ಲೆಯ ಹಿಂದೆ ಸಾಹುಕಾರನಾಗಿಯೇ ಕೂತೆ.

ಈ ಬೇಸಿಗೆಯಲ್ಲಿ ಸುಜಾತಾ ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, “ಅಜ್ಜನ ಹತ್ರ ಕೂತ್ಕೋ,” ಎಂದಳು. “ಚಿಕ್ಕಪ್ಪಾ, ಅಪ್ಪನಿಗೆ ಅಂಗಡಿ ಹೆಚ್ಚಾಯ್ತು. ನನಗೆ ಅಪ್ಪ ಅಂದ್ರೆ ನೀವೇ.” ಆಗಲೇ ಬಾಯಿ ತೆರೆಯಬೇಕಿತ್ತು. ನಾನು ನಾಲಿಗೆ ಲೊಟಗುಟ್ಟಿಸಿ ಕೂಸನ್ನು ನಗಿಸಿದೆ. ಮೂರನೆಯ ದಿನ ನಾಗಪುರದ ರೈಲು ಹತ್ತಿದೆ.

ನಾನು ತಲುಪಿದಾಗ ಉರಿಬಿಸಿಲು. ಅಣ್ಣ ಒಂದು ಕೂಲರನ್ನು ಪರೀಕ್ಷೆಗೆ ಓಡಿಸುತ್ತಿದ್ದ, ಪಕ್ಕದಲ್ಲಿ ಗಿರಾಕಿ ಹೆಂಗಸೊಬ್ಬಳು ಕಾಯುತ್ತಿದ್ದಳು. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಹತ್ತಿರ ಹೋಗಿ ಹೇಳಿದೆ. ಫ್ಯಾನಿನ ಅಬ್ಬರದಲ್ಲಿ ನನಗೇ ಕೇಳಿಸಲಿಲ್ಲ.

“ಎಂತ? ಊರಲ್ಲಿ ಎಲ್ಲ ಬರೋಬರ್ ಉಂಟಲ್ಲ?” ಎನ್ನುತ್ತ ಅವನು ಗಾಬರಿಯಿಂದ ಸ್ವಿಚ್ಚು ಆರಿಸಿದ. ಅಂಗಡಿ ಒಮ್ಮೆಲೇ ಸುಮ್ಮನಾಯಿತು. ಹೆಂಗಸು ನಮ್ಮಿಬ್ಬರನ್ನೂ ನೋಡಿದಳು. ಇನ್ನು ಪಿಸುಗುಡಲು ಆಗುವಂತಿರಲಿಲ್ಲ.

“ಊರಲ್ಲಿ ಎಲ್ಲ ಸರಿ ಉಂಟು ಅಣ್ಣಾ. ನಾನೇ ಸರಿಯಿಲ್ಲ. ನಂಗೆ ಪಿತ್ತ ಗಿತ್ತ ಎಂತದೂ ಆಗಿರ್ಲಿಲ್ಲ. ಇಲ್ಲಿ ಕೂರುಕೆ ಅವಮಾನ ಆಗಿ ಓಡಿ ಬಂದಿದ್ದೆ. ಊರೆಲ್ಲ ನಿನ್ನ ಬೈಯುವಾಗ ಸುಮ್ಮನಿದ್ದೆ. ಧಾರೆ ನೀ ಎರೀಬೇಕಾಗಿತ್ತು. ಸುಜಾತಾಗೆ ನಾನೇ ಹೇಳ್ತೆ. ತಪ್ಪಾಯ್ತು ಅಣ್ಣಾ.”